ಸೊಳ್ಳೆ ರೋಗಗಳ ಸಂಶೋಧನೆಯಲ್ಲಿ ಬದುಕು ಕಟ್ಟಿಕೊಳ್ಳೋಕೆ ಆಗುತ್ತಾ? ಹಾಸನ, ಚಿಕ್ಕಮಗಳೂರು ಕಡೆಯವರು ಹೇಳಿ

ಗೀಜಗ, ಅರಸೀಕೆರೆ

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಪ್ರಾಣಿಶಾಸ್ತ್ರ, ಕೊನೇ ವರ್ಷ. ಪ್ರಾಜೆಕ್ಟಿಗೆ ಸೊಳ್ಳೆ ತಗೋತೀನಿ ಅಂತ ಗೈಡ್ ಹತ್ರ ಒಪ್ಪಿಸಿ ಬಂದೆ. ಮನೇಲಿ ಹೇಳಿದ್ರೆ ಅಪ್ಪ, "ಸೊಳ್ಳೆ ಹೊಡೆಯೋಕೆ ಎಂಎಸ್ಸಿ ಯಾಕವ್ವಾ, ಬ್ಯಾಟ್ ಸಾಕಲ್ವಾ" ಅಂದ್ರು. ಅಮ್ಮಂದು ಒಂದೇ ರಾಗ, ಬಿ.ಎಡ್ ಮಾಡ್ಕೋ, ಟೀಚರ್ ಕೆಲಸ ಭದ್ರ.

2024ರ ಮಳೆಗಾಲದಲ್ಲಿ ನಮ್ಮ ಎರಡೂ ಜಿಲ್ಲೆಯಲ್ಲಿ ಡೆಂಗಿ ಹೇಗೆ ಕಾಡಿತು ಅಂತ ಎಲ್ಲರಿಗೂ ಗೊತ್ತು. ಆಗಿಂದ ತಲೆಯಲ್ಲಿ ಇದೇ ಕೊರೀತಿದೆ. ಡೆಂಗಿ, ಮಲೇರಿಯಾ, ಚಿಕೂನ್‌ಗುನ್ಯಾ ತಡೆಯೋ ಸಂಶೋಧನೇಲಿ ನಿಜವಾಗ್ಲೂ ಕೆಲಸ ಇದೆಯಾ? ಇದ್ರೆ ದಾರಿ ಯಾವುದು? ಬೆಂಗಳೂರೋ ದಿಲ್ಲಿಯೋ ಸೇರ್ಲೇಬೇಕಾ, ನಮ್ಮ ಕಡೆ ಏನಾದ್ರೂ ಮಾಡೋಕೆ ಬರುತ್ತಾ? ಈ ಲೈನಲ್ಲಿ ಇರೋರು ಮುಲಾಜಿಲ್ಲದೆ ಹೇಳಿ.

ಹಳೇ ಇನ್‌ಸ್ಪೆಕ್ಟರ್, ಸಕಲೇಶಪುರ

ಮಗಳೇ, ನಾನು ಮಲೇರಿಯಾ ವಿಭಾಗದಲ್ಲಿ ಇದ್ದು ರಿಟೈರ್ ಆದವನು. ಸಂಶೋಧಕ ಅಲ್ಲ. ಆದರೆ ಸಂಶೋಧಕರಿಗೆ ಸೊಳ್ಳೆ ಹಿಡಿದುಕೊಟ್ಟವನು, ಅದಕ್ಕೇ ಬರೀತಿದೀನಿ.

ನಮ್ಮ ಅಜ್ಜನ ಕಾಲದಲ್ಲಿ ಮಲೆನಾಡಿಗೆ ಹೆಣ್ಣು ಕೊಡೋಕೆ ಬಯಲುಸೀಮೆಯವರು ಹೆದರ್ತಿದ್ರು. ಸರ್ಕಾರಿ ನೌಕರರಿಗೆ ಇಲ್ಲಿಗೆ ವರ್ಗ ಅಂದ್ರೆ ಶಿಕ್ಷೆ. ಕಾರಣ ಚಳಿಜ್ವರ. ಹೊಟ್ಟೆಯಲ್ಲಿ ಜ್ವರಗಡ್ಡೆ ಊದಿಕೊಂಡ ಮಕ್ಕಳು ಮನೆಮನೆಯಲ್ಲೂ ಇದ್ದರಂತೆ. ಇಲ್ಲಿ ಅದನ್ನು ಹರಡ್ತಿದ್ದ ಮುಖ್ಯ ಸೊಳ್ಳೆ ಅನಾಫಿಲಿಸ್ ಫ್ಲೂವಿಯಾಟಿಲಿಸ್. ಕೊಳಚೆ ನೀರು ಅದಕ್ಕೆ ಬೇಡ. ಸಣ್ಣಗೆ ಹರಿಯೋ ಹಳ್ಳದ ಅಂಚು, ತೋಟದ ಬಸಿಗಾಲುವೆ, ಬಿಸಿಲು ಬೀಳೋ ತಿಳಿನೀರು, ಅಲ್ಲಿ ಮೊಟ್ಟೆ ಇಡುತ್ತೆ. ಮಲೆನಾಡಿಗೂ ಅದಕ್ಕೂ ಹಾಗೆ ಜಾತಕ ಕೂಡಿಬಂತು.

ಮೈಸೂರು ಸಂಸ್ಥಾನ 1920–30ರ ದಶಕದಲ್ಲೇ ರಾಕ್‌ಫೆಲರ್ ಪ್ರತಿಷ್ಠಾನದ ಜೊತೆ ಸೇರಿ ಮಲೇರಿಯಾ ಅಧ್ಯಯನ ಮಾಡಿಸಿತ್ತು. 1940ರ ದಶಕದ ನಡುವೆ ಮಲೇರಿಯಾ ತಜ್ಞರಾದ ಡಿ. ಕೆ. ವಿಶ್ವನಾಥನ್, ಟಿ. ರಾಮಚಂದ್ರ ರಾವ್ ಅವರು ಧಾರವಾಡ, ಉತ್ತರ ಕನ್ನಡದ ಹಳ್ಳಿಗಳಲ್ಲಿ ಮನೆ ಗೋಡೆಗೆ ಡಿಡಿಟಿ ಹೊಡೆಸಿ ನೋಡಿದರು. ಮಲೇರಿಯಾ ಬಿತ್ತು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂತು, 1958ರಲ್ಲಿ ಅದನ್ನೇ "ನಿರ್ಮೂಲನ" ಅಂತ ಕರೆದರು. 60ರ ದಶಕದಲ್ಲಿ ಇನ್ನೇನು ಗೆದ್ದೆವು ಅನ್ನೋ ಹೊತ್ತಿಗೆ ಕೈ ಸಡಿಲ ಬಿಟ್ಟರು. ಸೊಳ್ಳೆಗೆ ಡಿಡಿಟಿ ನಾಟದೆ ಹೋಯ್ತು, 1976ರಲ್ಲಿ ದೇಶದಲ್ಲಿ 64 ಲಕ್ಷ ಮಲೇರಿಯಾ. ರೋಗ ಇಳಿದ ಕೂಡಲೇ ಮೊದಲು ಕತ್ತರಿ ಬೀಳೋದು ಕೀಟ ನೋಡೋರ ಹುದ್ದೆಗೇ. ಇದು ನನ್ನ ಸರ್ವೀಸಲ್ಲೂ ಕಂಡಿದ್ದು.

ಕೆಲಸ ಹೇಗಿರುತ್ತೆ ಅಂದ್ರೆ, ಬೆಳಗಿನ ಜಾವ ಟಾರ್ಚು, ಸಕ್ಷನ್ ಟ್ಯೂಬು ಹಿಡಿದು ದನದ ಕೊಟ್ಟಿಗೆಗೆ ಹೋಗೋದು. ಗೋಡೆ ಮೇಲೆ ಬಾಲ ಎತ್ತಿ ಕೂತಿದ್ರೆ ಅನಾಫಿಲಿಸ್. ಬಾಯಲ್ಲಿ ಎಳೆದು ಟ್ಯೂಬಿಗೆ, ಅಲ್ಲಿಂದ ಬಟ್ಟೆ ಪಂಜರಕ್ಕೆ. ಮನೆಯವರು ಕಾಫಿ ಕೊಡ್ತಾರೆ, ಇಲ್ಲ ಅಂದ್ರೆ ನಾಯಿ ಬಿಡ್ತಾರೆ.

ಹಾಸನದ ಹುಡುಗ

ಎಲ್ಲಾ ಸರಿ ಸಾರ್, ನಗರಸಭೆಯವರು ಹೊಗೆ ಹೊಡೀತಾರಲ್ಲ, ಅದನ್ನೇ ವಾರಕ್ಕೆರಡು ಸಲ ಹೊಡೆದ್ರೆ ಮುಗೀತು. ಇದರಲ್ಲಿ ಸಂಶೋಧನೆ ಮಾಡೋಕೆ ಏನಿದೆ?

ಪಾಂಡಿ ಕನ್ನಡಿಗ, ಊರು ಕಡೂರು

ಈ ಪ್ರಶ್ನೆಯಿಂದಲೇ ಶುರು ಮಾಡೋಣ, ಇದಕ್ಕೆ ಉತ್ತರ ಕೊಡೋದೇ ನಮ್ಮ ಕಸುಬು.

ಫಾಗಿಂಗ್ ಹೊಗೆ ಆ ಕ್ಷಣ ಹಾರ್ತಿರೋ ಸೊಳ್ಳೆಗೆ ತಗುಲಬೇಕು. ಡೆಂಗಿ ತರೋ ಈಡಿಸ್ ಈಜಿಪ್ಟಿ ಹಗಲು ಕಚ್ಚುತ್ತೆ, ಉಳಿದ ಹೊತ್ತು ಮನೆಯೊಳಗೆ ಮಂಚದ ಕೆಳಗೆ, ನೇತುಹಾಕಿದ ಬಟ್ಟೆ ಸಂದಿಯಲ್ಲಿ ಕೂತಿರುತ್ತೆ. ಬೀದಿಯಲ್ಲಿ ಹೊಗೆ ಬಂಡಿ ಬಂದಾಗ ನಾವು ಕಿಟಕಿ ಹಾಕ್ಕೋತೀವಿ. ಅಲ್ಲಿಗೆ ಸೊಳ್ಳೆಗೂ ರಕ್ಷಣೆ ಆಯ್ತು. ಡ್ರಮ್ಮಲ್ಲಿರೋ ಲಾರ್ವಾಗೆ (ಸೊಳ್ಳೆ ಮರಿಗೆ) ಹೊಗೆ ಏನೂ ಮಾಡಲ್ಲ, ವಾರದಲ್ಲಿ ಹೊಸ ಸೊಳ್ಳೆ ಹಾರುತ್ತೆ. ಅದರ ಮೊಟ್ಟೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಡ್ರಮ್ಮಿನ ಗೋಡೆಗೆ ಅಂಟಿರುತ್ತೆ, ಒಣಗಿದರೂ ತಿಂಗಳುಗಟ್ಟಲೆ ಸಾಯಲ್ಲ. ನೀರು ಚೆಲ್ಲಿದ್ರೆ ಸಾಲದು, ತಿಕ್ಕಿ ತೊಳೀಬೇಕು ಅನ್ನೋದು ಅದಕ್ಕೇ. ಹೊಗೆ ಕಣ್ಣಿಗೆ ಕಾಣುತ್ತೆ, ಕೆಲಸ ನಡೀತಿದೆ ಅಂತ ಜನಕ್ಕೂ ಸಮಾಧಾನ, ಪುರಪಿತೃಗಳಿಗೂ ಸಮಾಧಾನ.

ಗೀಜಗ, ಈಗ ನಿಮ್ಮ ವಿಷಯ. ನಾನು ಪುದುಚೇರಿಯ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದಲ್ಲಿ ಓದಿದವನು. 1975ರಲ್ಲಿ ಶುರುವಾದ ಸಂಸ್ಥೆ. ಪದವಿ ಮುಗಿಸಿದವರಿಗೆ ಅಲ್ಲಿ ಸಾರ್ವಜನಿಕ ಆರೋಗ್ಯ ಕೀಟಶಾಸ್ತ್ರದಲ್ಲೇ ಎರಡು ವರ್ಷದ ಎಂಎಸ್ಸಿ ಇದೆ. ನಿಮ್ಮದು ಆಗಲೇ ಎಂಎಸ್ಸಿ ಆಗ್ತಿರೋದ್ರಿಂದ ನೇರ ಪಿಎಚ್‌ಡಿ ದಾರಿ ನೋಡಿ. ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೀವವಿಜ್ಞಾನ ಬರೀಬೇಕು, ಜೆಆರ್‌ಎಫ್ ಅನ್ನೋ ಸಂಶೋಧನಾ ಫೆಲೋಶಿಪ್ ಬಂದ್ರೆ ತಿಂಗಳಿಗೆ 37,000, ಎರಡು ವರ್ಷ ಕಳೆದು ಎಸ್‌ಆರ್‌ಎಫ್ ಅನ್ನೋ ಹಿರಿಯ ಫೆಲೋಶಿಪ್ ಆದ್ರೆ 42,000, ಮೇಲೆ ಮನೆ ಬಾಡಿಗೆ ಭತ್ಯೆ. 2023ರ ಜನವರಿಯಿಂದ ಈ ದರ. ವಯಸ್ಸಿನ ಮಿತಿಯಲ್ಲಿ ಹೆಣ್ಣುಮಕ್ಕಳಿಗೆ 5 ವರ್ಷ ಸಡಿಲಿಕೆ ಇದೆ, ಅಮ್ಮನಿಗೆ ಹೇಳಿ.

ಎಲ್ಲಿ ಅಂದ್ರೆ, ಮಲೇರಿಯಾಕ್ಕೆ ದಿಲ್ಲಿಯ ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆ, ಬೆಂಗಳೂರಲ್ಲಿ ಅದರ ಕ್ಷೇತ್ರ ಘಟಕ ಇದೆ. ವೈರಸ್ ಕಡೆ ಮನಸ್ಸಿದ್ರೆ ಪುಣೆಯ ವೈರಾಣು ಸಂಸ್ಥೆ. ತಳಿವಿಜ್ಞಾನ ಅಂದ್ರೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಅಂಡ್ ಸೊಸೈಟಿ. ರೋಗದ ಲೆಕ್ಕಾಚಾರ, ಅಂದ್ರೆ ಎಪಿಡೆಮಿಯಾಲಜಿ ಬೇಕಾದ್ರೆ ಚೆನ್ನೈಯ ಐಸಿಎಂಆರ್ ಸಂಸ್ಥೆಯ ಎಂಪಿಎಚ್, ಅಂದ್ರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ.

ಒಂದು ಮಾತು. ಸಂಸ್ಥೆ ಆರಿಸೋಕೆ ಮುಂಚೆ ನಿಮಗೆ ಹೊಲಮನೆ ಸುತ್ತೋದು ಇಷ್ಟವೋ, ಪಿಪೆಟ್ ಹಿಡಿದು ಕೂರೋದು ಇಷ್ಟವೋ ತೀರ್ಮಾನ ಮಾಡ್ಕೊಳ್ಳಿ. ಎರಡೂ ಒಂದೇ ಅಂದ್ಕೊಂಡು ಬಂದವರು ಅರ್ಧದಲ್ಲಿ ಬಿಟ್ಟುಹೋಗಿದ್ದು ನೋಡಿದೀನಿ.

ಗುತ್ತಿಗೆ ಜೀವಿ

ಪಾಂಡಿ ಅಣ್ಣ ಬಣ್ಣ ಹಚ್ಚಿ ಹೇಳಿದ್ದು ಚೆನ್ನಾಗಿದೆ. ಇನ್ನೊಂದು ಮುಖ ನಾನು ಹೇಳ್ತೀನಿ.

ಪ್ರಾಜೆಕ್ಟ್ ಹುದ್ದೆ ಅಂದ್ರೆ ಅದು ಪ್ರಾಜೆಕ್ಟ್ ಇರೋವರೆಗೆ. ಹಣ ಬಿಡುಗಡೆ ತಡ ಆದ್ರೆ ಸಂಬಳ ತಡ. ನಾನು ಒಂದು ದೊಡ್ಡ ಸಂಸ್ಥೆಯ ಡೆಂಗಿ ಯೋಜನೇಲಿ ಇದ್ದೆ, ಹೆಸರು ಬೇಡ. ಯೋಜನೆ ವಿಸ್ತರಣೆ ಆಗುತ್ತೆ ಆಗುತ್ತೆ ಅಂತ ಕಾಯಿಸಿ ಕೊನೆಗೆ ಆಗಲಿಲ್ಲ. ಬೈಕಿಗೆ ನನ್ನ ಜೇಬಿಂದಲೇ ಪೆಟ್ರೋಲ್ ಹಾಕಿ ಹಳ್ಳಿ ಸುತ್ತಿದೀನಿ. ನನ್ನ ಜೊತೆ ಸೇರಿದ ಕೃಷಿ ಕೀಟಶಾಸ್ತ್ರದ ಹುಡುಗ ಕೃಷಿ ಇಲಾಖೆ ಪರೀಕ್ಷೆ ಬರೆದು ಆಫೀಸರ್ ಆದ. ಅದೇ ಹುಳ, ಅದೇ ಸೂಕ್ಷ್ಮದರ್ಶಕ, ಆದ್ರೆ ಬೆಳೆ ತಿನ್ನೋ ಹುಳಕ್ಕೆ ಇಲಾಖೆ ಇದೆ, ಕಾಲೇಜಿದೆ, ಹುದ್ದೆ ಇದೆ. ಮನುಷ್ಯನ ರಕ್ತ ಕುಡಿಯೋ ಹುಳಕ್ಕೆ ಗುತ್ತಿಗೆ!

ಜಿಲ್ಲಾ ಮಟ್ಟದಲ್ಲಿ ರೋಗವಾಹಕ ಆಶ್ರಿತ ರೋಗಗಳ ನಿಯಂತ್ರಣಾಧಿಕಾರಿ ಕಚೇರಿ ಇದೆ, ಕೀಟಶಾಸ್ತ್ರಜ್ಞರ ಹುದ್ದೆ ಅಂತಲೂ ಇದೆ. ತುಂಬೋದು ಯಾವಾಗ ಅಂತ ಕೇಳಬೇಡಿ. ಹಾಸನದಲ್ಲೇ ಕೂತು ಮಾಡೋ ಕಾಯಂ ಸೊಳ್ಳೆ ಸಂಶೋಧನೆ ಹುದ್ದೆ ನಾನಂತೂ ಕಂಡಿಲ್ಲ.

ಪಾಂಡಿ ಕನ್ನಡಿಗ

ಇದರಲ್ಲಿ ಒಂದಕ್ಷರ ತೆಗೆದುಹಾಕೋ ಹಾಗಿಲ್ಲ. ಆದ್ರೆ ಒಂದು ಸೇರಿಸ್ತೀನಿ. ಜೆಆರ್‌ಎಫ್ ನಿಮ್ಮ ಹೆಸರಲ್ಲಿ ಬರೋ ದುಡ್ಡು, ಪ್ರಾಜೆಕ್ಟ್ ಸಂಬಳ ಗೈಡ್ ಹೆಸರಲ್ಲಿ ಬರೋ ದುಡ್ಡು. ಮೊದಲನೇದು ಇದ್ರೆ ಬಾಗಿಲು ನೀವು ತಟ್ಟಬಹುದು. ಅದಕ್ಕೇ ಪರೀಕ್ಷೆಗೆ ಒದ್ದಾಡಿ ಅನ್ನೋದು.

ಪಂಜರದ ಅಕ್ಕ, ಬೆಂಗಳೂರು

ನಾನು ಬೇಲೂರಿನವಳು, ಈಗ ಬೆಂಗಳೂರಲ್ಲಿ ಸೊಳ್ಳೆ ಸಾಕ್ತೀನಿ. ಹೌದು, ಸಾಕೋದೇ. ಕೋಣೆ 27 ಡಿಗ್ರಿ, ತೇವಾಂಶ ಶೇ 75–80 ಇರಬೇಕು. ಲಾರ್ವಾಗೆ ನಾಯಿ ಬಿಸ್ಕತ್ತಿನ ಪುಡಿ, ಯೀಸ್ಟ್. ದೊಡ್ಡವಕ್ಕೆ ಸಕ್ಕರೆ ನೀರಲ್ಲಿ ಅದ್ದಿದ ಹತ್ತಿ, ಮೊಟ್ಟೆ ಬೇಕಾದಾಗ ಹೆಣ್ಣಿಗೆ ಪೊರೆ ಹಿಂದಿಟ್ಟ ಬೆಚ್ಚಗಿನ ರಕ್ತ. ಭಾನುವಾರ, ಯುಗಾದಿ, ಗೌರಿ ಹಬ್ಬ ಅಂತ ಅವಕ್ಕೆ ಗೊತ್ತಿಲ್ಲ. ಪಂಜರದ ಬಲೆಯಲ್ಲಿ ತೂತಾದ್ರೆ ಇಡೀ ಮಹಡಿಯವರು ನಿಮ್ಮನ್ನ ಶಪಿಸ್ತಾರೆ.

ತಂಗಿ, ಹೆಣ್ಣುಮಕ್ಕಳ ವಿಷಯ ಯಾರೂ ಎತ್ತಲಿಲ್ಲ, ನಾನು ಎತ್ತುತೀನಿ. ಸೊಳ್ಳೆ ಹಿಡಿಯೋ ಹೊತ್ತು ಮುಸ್ಸಂಜೆ, ರಾತ್ರಿ, ಬೆಳಗಿನ ಜಾವ. ಒಬ್ಬಳೇ ಹೋಗೋ ಕೆಲಸ ಇದಲ್ಲ. ವಾಹನ, ಜೊತೆಗೊಬ್ಬರು, ಊರಿನ ಆಶಾ ಕಾರ್ಯಕರ್ತೆಯ ಪರಿಚಯ, ಇವು ಮೂರೂ ಇದೆಯಾ ಅಂತ ಸೇರೋ ಮುಂಚೆ ಬಾಯಿಬಿಟ್ಟು ಕೇಳು. ಇದನ್ನ ಕೇಳಿದ್ದಕ್ಕೆ ಮುಖ ಗಂಟಿಕ್ಕಿದ ಗೈಡ್ ಹತ್ರ ಸೇರಲೇಬೇಡ. ಇನ್ನೊಂದು ಕಡೆ, ಮನೆಯೊಳಗೆ ಹೋಗಿ ಸಂಪು, ತೊಟ್ಟಿ, ಫ್ರಿಜ್ಜಿನ ಹಿಂದಿನ ತಟ್ಟೆ ನೋಡೋ ಸರ್ವೇಲಿ ಗಂಡಸರನ್ನ ಜಗುಲಿಯಲ್ಲೇ ನಿಲ್ಲಿಸ್ತಾರೆ, ನಮ್ಮನ್ನ ಹಿತ್ತಲವರೆಗೂ ಕರ್ಕೊಂಡು ಹೋಗ್ತಾರೆ.

ಸೊಳ್ಳೆ ವಿಜ್ಞಾನಿ ಸರಳಾ ಸುಬ್ಬರಾವ್ ಅವರ ಕೆಲಸ ಹುಡುಕಿ ಓದು. ಅನಾಫಿಲಿಸ್ ಕ್ಯುಲಿಸಿಫೇಸೀಸ್ ಅಂತ ನಮ್ಮ ಬಯಲುಸೀಮೆಯ ಮಲೇರಿಯಾ ಸೊಳ್ಳೆ. ನೋಡೋಕೆ ಒಂದೇ ಜಾತಿ, ಆದರೆ ಒಳಗೆ ಎ, ಬಿ, ಸಿ, ಡಿ, ಇ ಅಂತ ಐದು ಸೋದರ ಪ್ರಭೇದ. ಕ್ರೋಮೋಸೋಮಿನ ಪಟ್ಟೆ ನೋಡಿ ಬಿಡಿಸಿದರು. ಎ ಮಲೇರಿಯಾ ಹರಡುತ್ತೆ, ಬಿ ಬಹುಪಾಲು ದನ ಕಚ್ಚಿಕೊಂಡು ತನ್ನ ಪಾಡಿಗಿರುತ್ತೆ. ಕರ್ನಾಟಕದ ಹಳ್ಳಿಗಳಲ್ಲೇ ಮಲೇರಿಯಾ ಸಂಸ್ಥೆಯವರು ಬಾವಿಗಳಿಗೆ ಗಪ್ಪಿ, ಗಂಬೂಸಿಯಾ ಮೀನು ಬಿಟ್ಟು ಕೆಲಸ ಮಾಡಿದಾಗ ಗೊತ್ತಾದ ಸಂಗತಿ, ಎ ಬೆಳೆಯೋದು ಬಾವಿಯಲ್ಲಿ, ಬಿ ಹಳ್ಳದಲ್ಲಿ. ಅಂದ್ರೆ ಹಳ್ಳವನ್ನೆಲ್ಲ ಬಿಟ್ಟು ಬಾವಿಗೆ ಮೀನು ಬಿಟ್ಟರೆ ಸಾಕಾಗೋ ಊರುಗಳಿದ್ದವು. ಸರಳಾ ಅವರು ಮುಂದೆ ಅದೇ ಸಂಸ್ಥೆಗೆ ನಿರ್ದೇಶಕರಾದರು.

(ಮೀನಿನ ವಿಷಯ ಬಂದಿದ್ದಕ್ಕೆ: ದಯವಿಟ್ಟು ಯಾರೂ ಮಲೆನಾಡಿನ ಹೊಳೆಗೆ ಗಂಬೂಸಿಯಾ ಬಿಡಬೇಡಿ. ನಮ್ಮ ಹೊಳೆಯ ಸಣ್ಣ ಮೀನು, ಕಪ್ಪೆಮರಿಗಳಿಗೆ ಅದು ಯಮ. ಬಾವಿ, ತೊಟ್ಟಿಗೆ ಮಾತ್ರ.)

ಲೆಕ್ಕದ ಮೇಷ್ಟ್ರು, ಚಿಕ್ಕಮಗಳೂರು

ಪ್ರಾಣಿಶಾಸ್ತ್ರದವರು ಮಾತ್ರ ಮಾತಾಡ್ತಿದೀರಿ, ನಮ್ಮವರಿಗೂ ಜಾಗ ಇದೆ ಅಂತ ನೆನಪಿಸೋಕೆ ಬಂದೆ. ರೊನಾಲ್ಡ್ ರಾಸ್ 1897ರ ಆಗಸ್ಟ್ 20ಕ್ಕೆ ಸಿಕಂದರಾಬಾದಿನಲ್ಲಿ ಸೊಳ್ಳೆ ಹೊಟ್ಟೆಯಲ್ಲಿ ಮಲೇರಿಯಾ ಜೀವಿ ಕಂಡ ಅನ್ನೋದನ್ನ ಎಲ್ಲರೂ ಹೇಳ್ತಾರೆ. ಅದೇ ರಾಸ್ ಆಮೇಲೆ ಮಲೇರಿಯಾಕ್ಕೆ ಗಣಿತದ ಸಮೀಕರಣ ಬರೆದ ಅನ್ನೋದು ಬಯಾಲಜಿಯವರ ಬಾಯಲ್ಲಿ ಬರೋದು ಕಮ್ಮಿ.

ಒಂದು ಸಣ್ಣ ಲೆಕ್ಕ ನೋಡಿ. ಡೆಂಗಿ ರೋಗಿಯನ್ನ ಕಚ್ಚಿದ ಕೂಡಲೇ ಸೊಳ್ಳೆ ರೋಗ ಹರಡಲ್ಲ. ವೈರಸ್ ಅದರ ಹೊಟ್ಟೆಯಿಂದ ಜೊಲ್ಲು ಗ್ರಂಥಿಗೆ ಬರೋಕೆ 8ರಿಂದ 12 ದಿನ ಬೇಕು. 10 ಅಂತ ಇಟ್ಕೊಳ್ಳಿ. ದಿನಕ್ಕೆ 100ರಲ್ಲಿ 90 ಸೊಳ್ಳೆ ಬದುಕುಳಿದರೆ, 10 ದಿನದ ಕೊನೆಗೆ ಉಳಿಯೋದು ಸುಮಾರು 35. ದಿನಕ್ಕೆ 80 ಬದುಕುಳಿದರೆ ಉಳಿಯೋದು ಸುಮಾರು 11. ದಿನದ ಸಾವು ಶೇ 10ರಿಂದ 20ಕ್ಕೆ ಏರಿದ್ದಕ್ಕೆ ಅಪಾಯದ ಸೊಳ್ಳೆ ಮೂರನೇ ಒಂದಕ್ಕಿಂತ ಕೆಳಗೆ ಇಳೀತು! ಗೋಡೆಗೆ ಡಿಡಿಟಿ ಹೊಡೆದಾಗ ಸೊಳ್ಳೆ ಪೂರ್ತಿ ನಿರ್ನಾಮ ಆಗದೆಯೂ ಮಲೇರಿಯಾ ಯಾಕೆ ಬಿತ್ತು ಅನ್ನೋದರ ಗುಟ್ಟು ಇಲ್ಲಿದೆ. 1950ರ ದಶಕದಲ್ಲಿ ಮ್ಯಾಕ್‌ಡೊನಾಲ್ಡ್ ಅನ್ನೋ ಮಲೇರಿಯಾ ತಜ್ಞ ಇದನ್ನ ಬಿಡಿಸಿ ತೋರಿಸಿದ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್ಟ್‌ಪಾರ್ಕ್‌ನವರು ರಾಜ್ಯ ಆರೋಗ್ಯ ಇಲಾಖೆ ಜೊತೆ ಡೆಂಗಿ ಮುನ್ಸೂಚನೆ ಕೆಲಸ ಮಾಡ್ತಿದಾರೆ. ನನ್ನ ಹಳೇ ವಿದ್ಯಾರ್ಥಿಗಳಿಗೆ ನಾನು ಹೇಳೋದು ಇಷ್ಟೇ, ಆರ್ ಅಥವಾ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆ ಕಲಿತ ಸಂಖ್ಯಾಶಾಸ್ತ್ರದವರು ಈ ಕ್ಷೇತ್ರಕ್ಕೆ ಬೇಕು. ಗೀಜಗ ಅವರೇ, ನೀವೂ ಕಲಿಯಿರಿ. ಲೆಕ್ಕ ಬರೋ ಕೀಟಶಾಸ್ತ್ರಜ್ಞೆ ಕೆಲಸಕ್ಕೆ ಅಲೆಯೋದು ಕಮ್ಮಿ.

ಪಂಜರದ ಅಕ್ಕ

ಮೇಷ್ಟ್ರೇ, ಆ 90, 80 ಅನ್ನೋ ಸಂಖ್ಯೆ ಎಲ್ಲಿಂದ ಬರುತ್ತೆ ಅಂತಲೂ ಹೇಳಬೇಕಿತ್ತು. ಹೆಣ್ಣು ಸೊಳ್ಳೆಯ ಅಂಡಾಶಯ ಬಿಡಿಸಿ ಸ್ಲೈಡ್ ಮೇಲೆ ಒಣಗಿಸಿ ನೋಡ್ತೀವಿ. ಒಂದು ಸಲವೂ ಮೊಟ್ಟೆ ಇಡದಿದ್ರೆ ಅದರ ಮೇಲಿನ ಸಣ್ಣ ಉಸಿರುನಾಳಗಳ ತುದಿ ಸುರುಳಿ ಸುತ್ತಿರುತ್ತೆ. ಇಟ್ಟಿದ್ರೆ ಸುರುಳಿ ಬಿಚ್ಚಿಹೋಗಿರುತ್ತೆ. ಡೆಟಿನೋವಾ ಅನ್ನೋ ರಷ್ಯಾದ ವಿಜ್ಞಾನಿಯ ವಿಧಾನ. ಊರಲ್ಲಿ ಮೊಟ್ಟೆ ಇಟ್ಟ ಮುದುಕಿಯರು ಎಷ್ಟು ಪಾಲು ಅಂತ ಗೊತ್ತಾದ್ರೆ ಆಯಸ್ಸಿನ ಲೆಕ್ಕ ಸಿಗುತ್ತೆ. ನಿಮ್ಮ ಸಮೀಕರಣಕ್ಕೆ ಅಕ್ಕಿ ಬೇಳೆ ಒದಗಿಸೋರು ನಾವು.

ಕಾಫಿ ಕಣ, ಮೂಡಿಗೆರೆ

ತೋಟದವನ ಮಾತನ್ನೂ ಕೇಳಿ. ನಮಗೆ ಸೊಳ್ಳೆಗಿಂತ ಉಣ್ಣೆ ಭಯ. ಉಣ್ಣೆ ಹರಡೋ ಮಂಗನ ಕಾಯಿಲೆ ಮೊದಲು ಕಂಡಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ. ಇವತ್ತು ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಡೆ ಪ್ರತಿ ಬೇಸಿಗೆ ಅದೇ ಸುದ್ದಿ. ಇದ್ದ ಲಸಿಕೆಯನ್ನೂ ನಿಲ್ಲಿಸಿದ್ರು, ಹೊಸದರ ಕೆಲಸ ಐಸಿಎಂಆರ್ ಕೈಗೆತ್ತಿಕೊಂಡಿದೆ. ಸೊಳ್ಳೆಗೆ ಇಷ್ಟು ಸಂಸ್ಥೆ ಹೇಳಿದ್ರಿ, ಉಣ್ಣೆಗೆ ಯಾರಿದಾರೆ?

ಇನ್ನು ಈ ಲ್ಯಾಬಲ್ಲಿ ಬದಲಾಯಿಸಿದ ಸೊಳ್ಳೆ ತಂದು ಊರಲ್ಲಿ ಬಿಡ್ತಾರೆ ಅಂತ ಓದ್ತೀವಿ. ಅದನ್ನ ನಮ್ಮ ತೋಟದಲ್ಲಿ ಬಿಡೋಕೆ ಬಂದ್ರೆ ಗೇಟು ತೆಗೆಯಲ್ಲ, ಮೊದಲೇ ಹೇಳಿರ್ತೀನಿ. ಕಾಡುಪ್ರಾಣಿ ಒಂದು ಸಾಲದು ಅಂತ ಇದೊಂದು.

ಪಾಂಡಿ ಕನ್ನಡಿಗ

ಉಣ್ಣೆ ವಿಷಯದಲ್ಲಿ ನೀವು ಹೇಳಿದ್ದು ಸರಿ. ರೋಗವಾಹಕ ಅಂದ್ರೆ ಸೊಳ್ಳೆ ಮಾತ್ರ ಅಲ್ಲ, ಉಣ್ಣೆ ತಜ್ಞರು ದೇಶದಲ್ಲೇ ವಿರಳ. ಗೀಜಗ, ಹೊಸದಾಗಿ ಬರೋರಿಗೆ ಅಲ್ಲಿ ಪೈಪೋಟಿ ಕಮ್ಮಿ ಅನ್ನೋದನ್ನ ಗಮನಿಸಿ. ಹಾಸನದ ಪಶುವೈದ್ಯ ಕಾಲೇಜಿನವರನ್ನ ಮಾತಾಡಿಸೋದು ಒಳ್ಳೇದು, ಉಣ್ಣೆ ಅವರಿಗೆ ದಿನನಿತ್ಯದ ವ್ಯವಹಾರ.

ಗೇಟು ತೆಗೆಯಲ್ಲ ಅಂದ್ರಲ್ಲ, ಅದಕ್ಕೊಂದು ಹಳೇ ಕಥೆ ಇದೆ. 1970ರ ದಶಕದ ಮೊದಲಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಐಸಿಎಂಆರ್ ಸೇರಿ ದಿಲ್ಲಿಯಲ್ಲಿ ಸೊಳ್ಳೆಗಳ ತಳಿ ನಿಯಂತ್ರಣ ಘಟಕ ನಡೆಸಿದರು. ಗಂಡು ಸೊಳ್ಳೆಗೆ ಸಂತಾನಶಕ್ತಿ ಇಲ್ಲದ ಹಾಗೆ ಮಾಡಿ ಬಿಡೋದು. ಹರಿಯಾಣದ ಸೋನೆಪತ್‌ನಲ್ಲಿ ಈಡಿಸ್ ಬಿಡೋಕೆ ತಯಾರಿ ನಡೆದಿತ್ತು. ಅಷ್ಟರಲ್ಲಿ ಇದು ಜೈವಿಕ ಯುದ್ಧದ ಪ್ರಯೋಗ ಅಂತ ಪತ್ರಿಕೆಗಳಲ್ಲಿ, ಸಂಸತ್ತಿನಲ್ಲಿ ಗಲಾಟೆ ಎದ್ದು 1975ರಲ್ಲಿ ಯೋಜನೆಯೇ ನಿಂತುಹೋಯ್ತು. ವಿಜ್ಞಾನ ಚೆನ್ನಾಗೇ ಇತ್ತು. ಊರಿನವರಿಗೆ ಏನು, ಯಾಕೆ ಅಂತ ಮೊದಲೇ ಕೂರಿಸಿ ಹೇಳಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಈಗ ಮಾತಿರೋದು ವೊಲ್ಬಾಕಿಯಾ ಬಗ್ಗೆ. ಇದರಲ್ಲಿ ಜೀನ್ ಬದಲಾವಣೆ ಇಲ್ಲ. ಎಷ್ಟೋ ಕೀಟಗಳಲ್ಲಿ ತಾನಾಗೇ ಇರೋ ಬ್ಯಾಕ್ಟೀರಿಯಾ, ಅದನ್ನ ಈಡಿಸ್ ಈಜಿಪ್ಟಿಗೆ ಸೇರಿಸಿದರೆ ಅದರೊಳಗೆ ಡೆಂಗಿ ವೈರಸ್ ಸರಿಯಾಗಿ ಬೆಳೆಯಲ್ಲ. ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ಮಾಡಿದ ಪ್ರಯೋಗದಲ್ಲಿ ಡೆಂಗಿ ಶೇ 77 ಇಳೀತು, 2021ರಲ್ಲಿ ಪ್ರಕಟವಾಯ್ತು. ಪುದುಚೇರಿಯಲ್ಲೂ ವೊಲ್ಬಾಕಿಯಾ ಇರೋ ತಳಿ ಅಭಿವೃದ್ಧಿ ಮಾಡಿದಾರೆ. ಆದ್ರೆ ಅದನ್ನ ಊರಲ್ಲಿ ಬಿಡಬೇಕು ಅಂದ್ರೆ ನಿಮ್ಮಂಥವರ ಗೇಟು ತೆಗೆಸಬೇಕು. ಆ ಕೆಲಸಕ್ಕೆ ಸಮಾಜಶಾಸ್ತ್ರ ಓದಿದವರೂ ಬೇಕು, ಕನ್ನಡ ಮಾತಾಡೋರೂ ಬೇಕು.

ಪಿಎಚ್‌ಸಿ ಡಾಕ್ಟರು

ರಾತ್ರಿ ಡ್ಯೂಟಿ, ಚಿಕ್ಕದಾಗಿ ಹೇಳ್ತೀನಿ. ಚಿಕೂನ್‌ಗುನ್ಯಾ ನೆನಪಿದೆಯಾ? 1973ರ ಬಳಿಕ ದೇಶದಲ್ಲಿ ಸದ್ದೇ ಇಲ್ಲದ ರೋಗ, 2006ರಲ್ಲಿ ಕರ್ನಾಟಕ ಒಂದರಲ್ಲೇ ಏಳೂವರೆ ಲಕ್ಷ ಶಂಕಿತ ಪ್ರಕರಣ. ಗಂಟು ಗಂಟು ಹಿಡಿದು ಇಡೀ ಊರು ಮಂಚ ಹತ್ತಿತ್ತು. ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ, ಹಾಗೆ ಈಡಿಸ್ ಬಂದು ನೆಲೆಸಿದ ಮೇಲೆ ಅದು ಹರಡೋ ರೋಗಗಳು ಒಂದೊಂದಾಗಿ ಬರ್ತವೆ. 2023ರಲ್ಲಿ ಚಿಕ್ಕಬಳ್ಳಾಪುರದ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಝಿಕಾ ವೈರಸ್ ಸಿಕ್ಕಿತು. ಸೊಳ್ಳೆ ಪರೀಕ್ಷೆ ನಡೀತಿದ್ದಕ್ಕೆ ತಾನೇ ಅದು ಗೊತ್ತಾಗಿದ್ದು?

ನಮ್ಮ ಹತ್ರ ರೋಗಿಗಳ ಲೆಕ್ಕ ಇದೆ, ಸೊಳ್ಳೆ ಲೆಕ್ಕ ಇಲ್ಲ. 2024ರಲ್ಲಿ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ಅಂತ ಘೋಷಿಸಿ, ಲಾರ್ವಾ ಬೆಳೆಯೋಕೆ ಬಿಟ್ಟ ಮನೆಗೂ ದಂಡ ಅಂತ ನಿಯಮ ತಂತು. ದಂಡ ಹಾಕಬಹುದು. ಯಾವ ಪಾತ್ರೆಯಿಂದ ಹೆಚ್ಚು ಸೊಳ್ಳೆ ಬರ್ತಿದೆ ಅಂತ ಹೇಳೋರು ಬೇಕಲ್ಲ.

ಗೀಜಗ

ಎಲ್ಲರ ಮಾತೂ ಓದಿದೆ, ಎರಡೆರಡು ಸಲ. ಗುತ್ತಿಗೆ ಜೀವಿ ಅಣ್ಣನ ಮಾತು ಮನೇಲಿ ತೋರಿಸಲಿಲ್ಲ, ತೋರಿಸಿದ್ರೆ ಬಿ.ಎಡ್ ಫಾರಂ ತಂದಿಡ್ತಾರೆ.

ಡಾಕ್ಟರ್ ಕೊನೆಗೆ ಹೇಳಿದ್ದರಿಂದ ನನಗೊಂದು ಹೊಳೀತು. ನಮ್ಮ ಅರಸೀಕೆರೆಯಲ್ಲಿ ನಲ್ಲಿ ನೀರು ಬರೋದು ಯಾವಾಗಲೋ, ಮನೆ ತುಂಬ ಡ್ರಮ್ಮು. ಮೂಡಿಗೆರೆ ಕಡೆ ನೀರು ಹಿಡಿದಿಡೋ ಪ್ರಶ್ನೆಯೇ ಇಲ್ಲ, ಆದ್ರೂ ಡೆಂಗಿ ಇದೆ. ಅಲ್ಲಿ ಅಡಿಕೆ ಹಾಳೆ, ಒಡೆದ ಬಕೆಟ್ಟು, ಟಯರು. ಬರದೂರು, ಮಳೆಯೂರು ಎರಡನ್ನೂ ಹೋಲಿಸಿ ಪ್ರಾಜೆಕ್ಟ್ ಮಾಡಿದ್ರೆ ಹೇಗೆ? 100 ಮನೆ ಅಲ್ಲಿ, 100 ಮನೆ ಇಲ್ಲಿ.

ಪಾಂಡಿ ಕನ್ನಡಿಗ

ಯೋಚನೆ ಚೆನ್ನಾಗಿದೆ. ಆದ್ರೆ ಈ ರೂಪದಲ್ಲಿ ಮಾಡಬೇಡಿ, ವೈವಾದಲ್ಲಿ ಹಿಡಿದುಹಾಕ್ತಾರೆ.

ಒಂದೇ ಸಲ ಹೋಗಿ ಎರಡು ತಾಲ್ಲೂಕು ಹೋಲಿಸಿದ್ರೆ ನಿಮಗೆ ಸಿಗೋದು ಆ ವಾರದ ಮಳೆಯ ವ್ಯತ್ಯಾಸ. ಮೂಡಿಗೆರೆಯಲ್ಲಿ ಆಷಾಢದ ಮಳೆ ಲಾರ್ವಾಗಳನ್ನ ಕೊಚ್ಚಿಕೊಂಡು ಹೋಗುತ್ತೆ, ಮಳೆ ಬಿಟ್ಟು ಬಿಟ್ಟು ಬರೋ ಹೊತ್ತಲ್ಲಿ ತುಂಬಿಕೊಳ್ಳುತ್ತೆ. ಮನೆ ಸಂಖ್ಯೆ ಕಮ್ಮಿ ಮಾಡಿ, ಅದೇ ಮನೆಗಳಿಗೆ ಮತ್ತೆ ಮತ್ತೆ ಹೋಗಿ.

ಏನು ಎಣಿಸ್ತೀರಿ ಅನ್ನೋದು ಮುಖ್ಯ. ಮಾಮೂಲಿ ಮೂರು ಸೂಚ್ಯಂಕ ಎಲ್ಲರೂ ಬರೀತಾರೆ. 100 ಮನೆ ನೋಡಿದಿರಿ, 12 ಮನೆಯಲ್ಲಿ ಲಾರ್ವಾ ಸಿಕ್ತು ಅಂದ್ರೆ ಮನೆ ಸೂಚ್ಯಂಕ 12. ಆ ಮನೆಗಳಲ್ಲಿ 18 ಪಾತ್ರೆಯಲ್ಲಿ ಲಾರ್ವಾ ಇತ್ತು ಅಂದ್ರೆ ಬ್ರೆಟೂ ಸೂಚ್ಯಂಕ 18. ನೀರಿದ್ದ ಪಾತ್ರೆ ಒಟ್ಟು 300 ಇದ್ರೆ ಪಾತ್ರೆ ಸೂಚ್ಯಂಕ 6. ಇವುಗಳಲ್ಲಿ ಒಂದು ಮೋಸ ಇದೆ. ಎರಡು ಲಾರ್ವಾ ಇರೋ ತೆಂಗಿನ ಚಿಪ್ಪೂ ಒಂದೇ, ಸಾವಿರ ಇರೋ ಸಿಮೆಂಟು ತೊಟ್ಟಿಯೂ ಒಂದೇ. ಅದಕ್ಕೆ ಪ್ಯೂಪಾ, ಅಂದ್ರೆ ಲಾರ್ವಾ ಆದ ಮೇಲಿನ ಕೋಶದ ಹಂತ, ಅದನ್ನ ಎಣಿಸಿ. ಪ್ಯೂಪಾ ಹೆಚ್ಚುಕಮ್ಮಿ ಎಲ್ಲವೂ ಒಂದೆರಡು ದಿನದಲ್ಲಿ ಸೊಳ್ಳೆಯಾಗಿ ಹಾರ್ತವೆ. ಯಾವ ಥರದ ಪಾತ್ರೆ ಎಷ್ಟು ಪ್ಯೂಪಾ ಕೊಡ್ತಿದೆ ಅಂತ ಗೊತ್ತಾದ್ರೆ ಡಾಕ್ಟರ್ ಕೇಳಿದ್ದಕ್ಕೆ ಉತ್ತರ ಸಿಕ್ಕಂತೆ.

ಪ್ಯೂಪಾ ತಂದು ಸೊಳ್ಳೆ ಮಾಡಿ ನೋಡಿ, ಜಾತಿ ಗುರುತಿಸಿ. ಬೆನ್ನ ಮೇಲೆ ಒಂದೇ ಬಿಳಿ ಗೆರೆ ಇದ್ರೆ ಈಡಿಸ್ ಅಲ್ಬೋಪಿಕ್ಟಸ್, ಡೆಂಗಿ ಹರಡೋ ಇನ್ನೊಂದು ಸೊಳ್ಳೆ. ಎರಡೂ ಪಕ್ಕ ಬಾಗಿದ ಗೆರೆ, ನಡುವೆ ಸಣ್ಣ ಎರಡು ಗೆರೆ ಇದ್ರೆ ಈಜಿಪ್ಟಿ. ತೋಟದಲ್ಲಿ ಮೊದಲನೇದು ಹೆಚ್ಚಿರುತ್ತೆ ಅನ್ನೋದು ನನ್ನ ಊಹೆ. ಊಹೆ ಸುಳ್ಳಾದ್ರೆ ನಿಮ್ಮ ಪ್ರಾಜೆಕ್ಟ್ ಇನ್ನೂ ಚೆನ್ನಾಗಿರುತ್ತೆ.

ಸಾಧ್ಯ ಆದ್ರೆ ಒಂದಿಷ್ಟು ಸೊಳ್ಳೆಗೆ ಕೀಟನಾಶಕ ಪರೀಕ್ಷೆಯನ್ನೂ ಮಾಡಿ. ಔಷಧಿ ಕಾಗದ ಇರೋ ಕೊಳವೆಯಲ್ಲಿ ಒಂದು ಗಂಟೆ ಬಿಟ್ಟು 24 ಗಂಟೆ ಆದ ಮೇಲೆ ಸತ್ತವು ಎಣಿಸೋದು. ಶೇ 98 ಅಥವಾ ಹೆಚ್ಚು ಸತ್ತರೆ ಔಷಧಿ ನಾಟ್ತಿದೆ, 90ಕ್ಕಿಂತ ಕಮ್ಮಿ ಅಂದ್ರೆ ನಿರೋಧ ಬಂದಿದೆ. ಕೊಳವೆ ನಿಮ್ಮ ಇಲಾಖೆಯಲ್ಲಿ ಇಲ್ಲದಿದ್ರೆ ಬೆಂಗಳೂರು ಘಟಕಕ್ಕೆ ಗೈಡ್ ಮೂಲಕ ಪತ್ರ ಬರೆಸಿ.

ಗುತ್ತಿಗೆ ಜೀವಿ

ನೋಡಮ್ಮ, ನಾನು ಹೆದರಿಸಿದ್ದು ನಿಜ. ಆದ್ರೆ ಇದನ್ನ ನೀಟಾಗಿ ಮಾಡಿದ್ರೆ ಜಿಲ್ಲಾ ಕಚೇರಿಗೂ ಒಂದು ಪ್ರತಿ ಕೊಡು. ಅವರಿಗೆ ಇಂಥ ಪಟ್ಟಿ ಸಿಗೋದೇ ಅಪರೂಪ. ಮತ್ತೆ ಕಾರೆಕೆರೆ ಕೃಷಿ ಕಾಲೇಜಿನ ಕೀಟಶಾಸ್ತ್ರದವರು, ಬಾಳೆಹೊನ್ನೂರು ಕಾಫಿ ಸಂಶೋಧನಾ ಕೇಂದ್ರದ ಬಿಳಿ ಕಾಂಡಕೊರಕ ನೋಡೋರು, ಇವರ ಪರಿಚಯ ಇಟ್ಕೋ. ಸೊಳ್ಳೆ ಕೈಬಿಟ್ಟರೂ ಹುಳ ಕೈಹಿಡಿಯುತ್ತೆ. ಬಿ.ಎಡ್ ಅರ್ಜಿಯನ್ನೂ ಹಾಕಿಟ್ಟಿರು, ಅಮ್ಮನಿಗೆ ಬೇಜಾರು ಮಾಡಬೇಡ.

ಹಳೇ ಇನ್‌ಸ್ಪೆಕ್ಟರ್, ಸಕಲೇಶಪುರ

ಡ್ರಮ್ಮಿಗೆ ಬಗ್ಗಿ ನೋಡುವಾಗ ನೆರಳು ಬಿದ್ದರೆ ಎಲ್ಲಾ ತಳಕ್ಕೆ ಹೋಗ್ತವೆ. ಟಾರ್ಚು ಹಾಕಿ ಒಂದು ನಿಮಿಷ ಸುಮ್ಮನೆ ನಿಲ್ಲು, ಉಸಿರಾಡೋಕೆ ಮೇಲೆ ಬರ್ತವೆ. ನೀರಿನ ಮೇಲ್ಮೈಗೆ ಸಮ ಮಲಗಿದ್ರೆ ಅನಾಫಿಲಿಸ್, ತಲೆಕೆಳಗಾಗಿ ನೇತಾಡಿದ್ರೆ ಈಡಿಸೋ ಕ್ಯೂಲೆಕ್ಸೋ. ಅರಸೀಕೆರೆ ಡ್ರಮ್ಮಲ್ಲಿ ಅನಾಫಿಲಿಸ್ ಸಿಕ್ಕರೆ ಮಾತ್ರ ಅವತ್ತೇ ಮಲೇರಿಯಾ ಆಫೀಸಿಗೆ ಹೇಳು.

ಕಾಫಿ ಕಣ, ಮೂಡಿಗೆರೆ

ಸೊಳ್ಳೆ ಬಿಡೋಕೆ ಗೇಟು ತೆಗೆಯಲ್ಲ ಅಂದೆ, ಎಣಿಸೋಕೆ ಬಂದ್ರೆ ತೆಗೀತೀನಿ. ಅಡಿಕೆ ತೋಟವೂ ಇದೆ, ಕೂಲಿಯವರ ಲೈನ್ ಮನೆಗಳೂ ಇವೆ, ಕಾಫಿ ಹಣ್ಣು ಸುಲಿಯೋ ಹಳೇ ಪಲ್ಪರ್ ತೊಟ್ಟಿ ಒಂದು ಪಾಳು ಬಿದ್ದಿದೆ. ಜೊತೆಗೊಬ್ಬರನ್ನ ಕರ್ಕೊಂಡು ಬಾಮ್ಮ, ಊಟಕ್ಕೆ ನಮ್ಮನೆಗೇ ಬನ್ನಿ. ಲೈನ್ ಮನೆಯವರಿಗೆ ನಾನು ಹೇಳಿಡ್ತೀನಿ.

ಪಂಜರದ ಅಕ್ಕ

ಸಾರ್, ದಯವಿಟ್ಟು ನೀವು ಹೇಳಬೇಡಿ. ಮಾಲೀಕರು ಹೇಳಿದ್ರೆ ಅವರು ಬೇಡ ಅನ್ನೋ ಹಾಗೇ ಇಲ್ಲ. ಅವಳೇ ಬಂದು ಮನೆಮನೆಗೆ ಹೇಳಿ ಕೇಳಲಿ, ಬೇಡ ಅಂದ ಮನೆ ಬಿಡಲಿ. ಗೀಜಗ, ಒಪ್ಪಿಗೆ ಪತ್ರ ಕನ್ನಡದಲ್ಲೇ ಬರಿ. ಲೈನ್ ಮನೆಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯವರಿದ್ರೆ ಹಿಂದಿ ಪ್ರತಿಯೂ ಬೇಕಾಗುತ್ತೆ. ಕಾಲೇಜಿನ ನೈತಿಕ ಸಮಿತಿ ಮುಂದೆ ಅದನ್ನ ಮೊದಲು ಇಡು, ಅದಾಗದೆ ಒಂದು ಮನೆಗೂ ಕಾಲಿಡಬೇಡ.

ಗೀಜಗ

ಆಯ್ತು ಅಕ್ಕ. ಸಮಿತಿ ಸಭೆ ಯಾವಾಗ ಅಂತ ಆಫೀಸಲ್ಲಿ ವಿಚಾರಿಸ್ತೀನಿ. ಹಿಂದಿ ಪ್ರತಿ ನೋಡಿಕೊಡೋರು ಇಲ್ಲಿ ಯಾರಾದ್ರೂ ಇದೀರಾ? ಮತ್ತೆ ಇನ್‌ಸ್ಪೆಕ್ಟರ್ ಅಂಕಲ್, ಆ ಸಕ್ಷನ್ ಟ್ಯೂಬು ಈಗ ಎಲ್ಲಿ ಸಿಗುತ್ತೆ?

ಹಳೇ ಇನ್‌ಸ್ಪೆಕ್ಟರ್, ಸಕಲೇಶಪುರ

ಅಂಗಡಿಯಲ್ಲಿ ಹುಡುಕಬೇಡ. ಗಾಜಿನ ಕೊಳವೆ, ಅರ್ಧ ಮೀಟರ್ ರಬ್ಬರ್ ಟ್ಯೂಬು, ನಡುವೆ ಒಂದು ತುಂಡು ಸೊಳ್ಳೆ ಪರದೆ ಬಟ್ಟೆ. ಆ ಬಟ್ಟೆ ಮರೀಬೇಡ, ಇಲ್ಲಾಂದ್ರೆ ಸೊಳ್ಳೆ ನೇರ ಗಂಟಲಿಗೆ. ಸಕಲೇಶಪುರಕ್ಕೆ ಬಂದಾಗ ಫೋನ್ ಮಾಡು, ಎರಡು ಮಾಡಿಕೊಡ್ತೀನಿ.